ಅನುವಾದಕರಿಗೆ, ದುಭಾಷಿಗಳಿಗೆ ಬರುವ ಸುಳ್ಳು ಕೆಲಸಗಳು: ಬೆಳಗಾವಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಖಾನಾಪುರ, ನಿಪ್ಪಾಣಿ, ಅಥಣಿ ಕಡೆ ಎರಡು ಭಾಷೆ ಬರುವುದು ದೊಡ್ಡ ಮಾತಲ್ಲ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಹೀಗಾಗಿ ಡಿಗ್ರಿ ಮುಗಿಸಿದವರು, ಮಕ್ಕಳು ಶಾಲೆಗೆ ಹೋದ ಮೇಲೆ ಬಿಡುವಾದ ತಾಯಂದಿರು, ನಿವೃತ್ತ ಮಾಸ್ತರರು ಅನುವಾದಕ್ಕೆ ಕೈ ಹಾಕುತ್ತಾರೆ. ಮೋಸಗಾರರಿಗೂ ಇದು ಗೊತ್ತು. ನಾನು ಟಿಳಕವಾಡಿಯಲ್ಲಿ ಕೂತು ಹದಿನೇಳು ವರ್ಷದಿಂದ ಕನ್ನಡ–ಮರಾಠಿ–ಇಂಗ್ಲಿಷ್ ಅನುವಾದ ಮಾಡುತ್ತಿದ್ದೇನೆ. ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ ‘ಹಿಂಗೊಂದು ಮೇಲ್ ಬಂದೈತ್ರಿ, ಖರೆ ಇರಬಹುದೇನ್ರಿ?’ ಅಂತ ಕೇಳುತ್ತಾರೆ. ಅವರಿಗೆ ಕೊಟ್ಟ ಉತ್ತರಗಳನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಒಂದೇ ಮಾತಿನಲ್ಲಿ ಹೇಳಿ, ಸುಳ್ಳು ಮೇಲ್ ಗುರುತಿಸುವುದು ಹೇಗೆ?

ಕೆಲಸದ ಬಗ್ಗೆ ಮಾತಾಡಿದ್ದಾರಾ ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿ ಪರೀಕ್ಷೆ ಇಲ್ಲ.

ನಿಜವಾಗಿ ಕೆಲಸ ಇರುವವನಿಗೆ ಆ ಕೆಲಸದ ಚಿಂತೆ ಇರುತ್ತದೆ. ನಮ್ಮ ಕಡೆಯ ವಕೀಲರೊಬ್ಬರು ಹಳೇ ಖರೀದಿ ಪತ್ರ ಕಳಿಸುವ ಮುಂಚೆ ಏನು ಕೇಳುತ್ತಾರೆ ಗೊತ್ತೇ? ‘ಮೋಡಿ ಲಿಪಿ ಓದ್ತೀರಾ, ಬರೇ ಬಾಳಬೋಧ ಅಷ್ಟೇನಾ? ಜಮೀನಿನ ಅಳತೆ ಎಕರೆ-ಗುಂಟೆಯಲ್ಲೇ ಇಡ್ತೀರಾ? ಕೊನೆಗೆ ಪ್ರಮಾಣಪತ್ರ ಬರೆದುಕೊಡ್ತೀರಾ?’ 1956ರವರೆಗೆ ನಾವು ಮುಂಬಯಿ ಆಡಳಿತದಲ್ಲಿದ್ದೆವು, ಹಳೇ ಕಾಗದಗಳಲ್ಲಿ ಮೋಡಿ (ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಲಿಪಿ; ಬಾಳಬೋಧ ಅಂದರೆ ಈಗಿನ ದೇವನಾಗರಿ) ಇದ್ದೇ ಇರುತ್ತದೆ, ಅದು ಅವರಿಗೆ ಗೊತ್ತು. ಹೊರಗಿನ ಏಜೆನ್ಸಿಯಾದರೆ ಯಾವ ಭಾಷೆಯಿಂದ ಯಾವ ಭಾಷೆಗೆ, ವಿಷಯ ಏನು, ಎಷ್ಟು ಪದ, ಯಾವ ಫೈಲು, ಯಾವತ್ತಿಗೆ ಬೇಕು ಎಂದು ಮೊದಲ ಮೇಲ್‌ನಲ್ಲೇ ಹೇಳುತ್ತದೆ. ಮೋಸಗಾರ ದರದಿಂದ ಶುರು ಮಾಡುತ್ತಾನೆ. ಭಾಷೆಯ ಹೆಸರೇ ಇರುವುದಿಲ್ಲ, ‘ನಿಮ್ಮ ಭಾಷೆಗೆ’ ಅಂತಿರುತ್ತದೆ. ಊರಿನ ಹೆಸರಿಲ್ಲ, ‘ನಿಮ್ಮ ನಗರದಲ್ಲಿ’ ಅಂತಿರುತ್ತದೆ. ನೀವು ಎರಡು ಪ್ರಶ್ನೆ ಕೇಳಿದರೆ ಉತ್ತರಿಸದೆ ಫಾರ್ಮ್ ತುಂಬಿ ಅನ್ನುತ್ತಾನೆ.

ಮೊದಲೆಲ್ಲ ಭಾಷೆಯ ತಪ್ಪು ನೋಡಿ ಹಿಡಿಯುತ್ತಿದ್ದೆವು. ಈಗಲೂ ಅದು ನಡೆಯುತ್ತದೆಯೇ?

ಇಲ್ಲ. ಈಗ ಯಂತ್ರವೇ ಮೇಲ್ ಬರೆದುಕೊಡುತ್ತದೆ, ನನ್ನದಕ್ಕಿಂತ ನೆಟ್ಟಗಿರುತ್ತದೆ. ಒಳ್ಳೆಯ ಗಿರಾಕಿಗಳೇ ಅವಸರದಲ್ಲಿ ತಪ್ಪು ಬರೆಯುತ್ತಾರೆ. ವ್ಯಾಕರಣ ನೋಡಿ ತೀರ್ಮಾನಿಸಬೇಡಿ.

‘ಇಂಗ್ಲಿಷ್ ಪುಸ್ತಕ ಕನ್ನಡಕ್ಕೆ ಮಾಡಿ ವರ್ಡ್‌ನಲ್ಲಿ ಕೊಡಿ, ಪುಟಕ್ಕೆ 800 ರೂಪಾಯಿ. ನೋಂದಣಿಗೆ ಮಾತ್ರ 1,499 ಕಟ್ಟಿ.’ ಕಟ್ಟಲೇ?

ಬೇಡ. ಅನುವಾದಕ ಹಣ ಕೊಟ್ಟು ಕೆಲಸ ತಗೊಳ್ಳುವ ಪದ್ಧತಿ ಈ ವೃತ್ತಿಯಲ್ಲಿ ಇಲ್ಲ. ನೋಂದಣಿ, ಭದ್ರತಾ ಠೇವಣಿ, ತರಬೇತಿ, ಸಾಫ್ಟ್‌ವೇರ್ ಪರವಾನಗಿ, ಐಡಿ ಕಾರ್ಡ್ ಎಂದು ಯಾವ ಹೆಸರಿಟ್ಟು ಕೇಳಿದರೂ ಉತ್ತರ ಒಂದೇ. ‘ಕೊನೆಗೆ ವಾಪಸ್ ಕೊಡ್ತೀವಿ’ ಅಂದರೂ ಬೇಡ.

ಒಂದು ಸಣ್ಣ ಚಾಲಾಕಿ ಗಮನಿಸಿ. ಕೆಲಸ ಮುಗಿಸಿ ಕಳಿಸಿದ ಮೇಲೆ ‘ನಿಮ್ಮ 24,000 ತಯಾರಾಗಿದೆ, ಅದರ ಮೇಲಿನ ಟಿಡಿಎಸ್ 2,400 ಮೊದಲು ನೀವೇ ಕಟ್ಟಿ’ ಅನ್ನುವವರಿದ್ದಾರೆ. ಕೇಳಲು ಕಾಯದೆಯ ಮಾತಿನ ಹಾಗಿದೆ. ಆದರೆ ಟಿಡಿಎಸ್ ಅಂದರೆ ಕೊಡುವವನು ಕೊಡುವ ಹಣದಲ್ಲೇ ಮುರಿದುಕೊಂಡು ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ತುಂಬುವುದು. ನೀವು ಅವನಿಗೆ ಕಳಿಸುವ ಪ್ರಸಂಗವೇ ಬರುವುದಿಲ್ಲ. ಜಿಎಸ್‌ಟಿ ಹೆಸರು ಹೇಳಿ ಕೇಳಿದರೂ ಹೀಗೆಯೇ.

ಫೀ ಕೇಳಲಿಲ್ಲ, ಒಪ್ಪಂದಕ್ಕೆ ಸಹಿ ಮಾಡಿಸಿಕೊಂಡರು. ಈಗ ‘ಕೆಲಸದಲ್ಲಿ ತಪ್ಪಿದೆ, 6,500 ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟ್’ ಎಂದು ನೋಟಿಸ್ ಬಂದಿದೆ. ಏನು ಮಾಡಲಿ?

ಮೊದಲು ನೀರು ಕುಡಿಯಿರಿ. ಹೆದರಿಸುವುದೇ ಇವರ ವ್ಯಾಪಾರ.

ಗೋಕಾಕದ ಒಬ್ಬ ಹುಡುಗಿ ಇಂಥ ನೋಟಿಸ್ ಹಿಡಿದು ನಮ್ಮ ಮನೆಗೆ ಬಂದಿದ್ದಳು. ಎರಡು ದಿನದಿಂದ ಊಟ ಬಿಟ್ಟಿದ್ದಳು, ಮನೆಯಲ್ಲಿ ಹೇಳಿರಲಿಲ್ಲ. ಐದು ದಿನದಲ್ಲಿ 400 ಪುಟ ಟೈಪು ಮತ್ತು ಅನುವಾದ, ನೂರಕ್ಕೆ 98 ಸರಿ ಇರಬೇಕು, ಇಲ್ಲದಿದ್ದರೆ ‘ಸರ್ವರ್ ವೆಚ್ಚ’ ಭರಿಸಬೇಕು ಎಂಬ ಒಪ್ಪಂದ. ಯಾರಿಂದಲೂ ಮುಗಿಸಲಾಗದ ಗುರಿ ಅದು. ಮುಗಿಸಬಾರದೆಂದೇ ಕೊಟ್ಟಿರುತ್ತಾರೆ. ನೋಟಿಸನ್ನು ಬೆಳಕಿಗೆ ಹಿಡಿದು ಓದಿದೆ. ಮೇಲೆ ಅಶೋಕ ಸ್ತಂಭ, ಕೆಳಗೆ ದುಂಡನೆಯ ನೀಲಿ ಸೀಲು, ಅದರಲ್ಲಿ ‘ಹೈಕೋರ್ಟ್, ಬೆಳಗಾವಿ’ ಎಂದಿತ್ತು. ಬೆಳಗಾವಿಯಲ್ಲಿ ಹೈಕೋರ್ಟ್ ಎಲ್ಲಿಂದ ಬರಬೇಕು? ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ವಕೀಲರ ಹೆಸರಿತ್ತು, ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರಲಿಲ್ಲ. ದಂಡವನ್ನು ಯಾರದೋ ಖಾಸಗಿ ಯುಪಿಐ ಐಡಿಗೆ ಕಟ್ಟಬೇಕಿತ್ತು, ಅದೂ ಸಂಜೆ 5ರ ಒಳಗೆ.

ಕೋರ್ಟ್ ಯಾರಿಂದಲೂ ವಾಟ್ಸ್‌ಆ್ಯಪ್‌ನಲ್ಲಿ ಕ್ಯೂಆರ್ ಕಳಿಸಿ ಹಣ ವಸೂಲು ಮಾಡುವುದಿಲ್ಲ. ಒಪ್ಪಂದ ಮುರಿದ ತಕರಾರು ಸಿವಿಲ್ ವಿಷಯ, ಅದಕ್ಕಾಗಿ ‘ನಾಳೆ ಪೊಲೀಸರು ಬಂದು ಹಿಡಿದೊಯ್ಯುತ್ತಾರೆ’ ಎಂಬುದೇ ಸುಳ್ಳು. ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ನಿನ ಇ-ಸ್ಟಾಂಪ್ ಹಾಕಿದ್ದರೆ ಅದರ ಪ್ರಮಾಣಪತ್ರ ಸಂಖ್ಯೆಯನ್ನು ಅವರ ತಾಣದಲ್ಲಿ ಪರೀಕ್ಷಿಸಬಹುದು. ಕರ್ನಾಟಕದ್ದಾದರೆ ಐಎನ್-ಕೆಎ ಎಂದು ಶುರುವಾಗುತ್ತದೆ. (ನಕಲಿ ಛಾಪಾ ಕಾಗದದಿಂದ ದೇಶವನ್ನೇ ಅಲ್ಲಾಡಿಸಿದ ತೆಲಗಿ ನಮ್ಮ ಖಾನಾಪುರದವನೇ. ಕಾಗದದ ಮೇಲಿನ ಮುದ್ರೆ ಕಂಡು ನಡುಗುವ ಹಕ್ಕು ನಮಗಂತೂ ಇಲ್ಲ.) ಆ ಹುಡುಗಿ ಹಣ ಕಟ್ಟಲಿಲ್ಲ, ನಂಬರ್ ಬ್ಲಾಕ್ ಮಾಡುವ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ದೂರು ಕೊಟ್ಟಳು. ಮುಂದೆ ಯಾವ ಕೋರ್ಟಿನಿಂದಲೂ ಏನೂ ಬರಲಿಲ್ಲ. ಹಾಗಂತ ನಿಜವಾದ ಸಮನ್ಸ್ ಬಂದರೆ ಕಡೆಗಣಿಸಬೇಡಿ, ಅದನ್ನು ಹಿಡಿದು ವಕೀಲರ ಹತ್ತಿರ ಹೋಗಿ.

ಮಾದರಿ ಅನುವಾದ ಪುಕ್ಕಟೆ ಕೇಳುತ್ತಾರೆ. ಕೊಡಬೇಕೇ?

200–300 ಪದದವರೆಗೆ ಕೊಡುವುದು ರೂಢಿ, ಅದರಲ್ಲಿ ಮೋಸವಿಲ್ಲ. ಅದಕ್ಕಿಂತ ಹೆಚ್ಚಾದರೆ ದರ ಕೇಳಿ.

ಒಮ್ಮೆ 1,200 ಪದದ ‘ಪರೀಕ್ಷೆ’ ಬಂತು, ನೀರಾವರಿ ಪಂಪಿನ ಕೈಪಿಡಿ. ಕೊನೆಯ ವಾಕ್ಯ ಅರ್ಧಕ್ಕೇ ನಿಂತಿತ್ತು: ‘ವಾಲ್ವ್ ತೆರೆಯುವ ಮುನ್ನ’. ಹುಬ್ಬಳ್ಳಿಯ ಗೆಳತಿಗೆ ಫೋನ್ ಮಾಡಿದಾಗ ಮಾತಿಗೆ ಮಾತು ಬಂದು ಹೇಳಿದೆ. ಅವಳಿಗೂ ಪರೀಕ್ಷೆ ಬಂದಿತ್ತು. ಅವಳ ಫೈಲು ಶುರುವಾಗಿದ್ದು ‘ಒತ್ತಡ ಇಳಿದಿದೆಯೇ ಎಂದು ನೋಡಿ’ ಎಂಬಲ್ಲಿಂದ. ಇಡೀ ಕೈಪಿಡಿಯನ್ನು ತುಂಡು ಮಾಡಿ ಹತ್ತಾರು ಜನಕ್ಕೆ ಹಂಚಿ ಬಿಟ್ಟಿ ಮಾಡಿಸಿಕೊಳ್ಳುತ್ತಿದ್ದರು. ನಾವಿಬ್ಬರೂ ಕಳಿಸಲಿಲ್ಲ. ಆ ವಾಲ್ವ್ ಏನಾಯಿತೋ.

ನಿಜವಾದ ಪರೀಕ್ಷೆಗೆ ತಲೆ-ಬುಡ ಎರಡೂ ಇರುತ್ತವೆ, ಮುಗಿಸಿದ ಮೇಲೆ ‘ಈ ಪದ ಯಾಕೆ ಬಳಸಿದಿರಿ’ ಎಂದು ಯಾರಾದರೂ ಕೇಳುತ್ತಾರೆ.

ಹೆಚ್ಚು ಹಣ ಬಂದುಬಿಟ್ಟಿದೆ, ಉಳಿದದ್ದು ವಾಪಸ್ ಕಳಿಸಿ ಅನ್ನುತ್ತಾರೆ. ಪಾಪ, ಕಳಿಸಬೇಡವೇ?

ಇದರಲ್ಲಿ ನಾನೇ ಬಿದ್ದವನು. ದುಭಾಷಿಗಳಿಗೆಂದೇ ಹೆಣೆದ ಬಲೆ ಇದು, ಜಗತ್ತಿನ ಎಲ್ಲ ಕಡೆಯೂ ಓಡುತ್ತದೆ.

ಮೇಲ್ ಹೀಗಿತ್ತು: ‘ನನ್ನ ಕುಟುಂಬ ನಿಮ್ಮ ಊರಿಗೆ ಪ್ರವಾಸ ಬರುತ್ತಿದೆ, ಹತ್ತು ದಿನ ದುಭಾಷಿ ಬೇಕು.’ ನಾನು ಹಿರಿಹಿರಿ ಹಿಗ್ಗಿ ‘ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬರುತ್ತಿದ್ದೀರಾ?’ ಎಂದು ಕೇಳಿದೆ. ‘ಹೌದು, ಬಾದಾಮಿ’ ಎಂದ. ಆಮೇಲೆ ಯೋಚಿಸಿದರೆ, ಆ ಮೇಲ್‌ನಲ್ಲಿ ಇಲ್ಲದ ವಿವರವನ್ನೆಲ್ಲ ತುಂಬಿಕೊಟ್ಟವನು ನಾನೇ. ಬೆಳಗಾವಿಯಿಂದ ಬಾದಾಮಿಗೆ ಎಷ್ಟು ದೂರ ಅಂತ ಅವನು ಕೇಳಲಿಲ್ಲ. ಕುಟುಂಬ ಯಾವ ಭಾಷೆ ಮಾತಾಡುತ್ತದೆ ಎಂದು ನಾನು ಎರಡು ಸಲ ಕೇಳಿದರೂ ಹೇಳಲಿಲ್ಲ. ದರ 20,000ಕ್ಕೆ ಒಪ್ಪಿದ, ಚೌಕಾಸಿಯನ್ನೇ ಮಾಡಲಿಲ್ಲ. ನಮ್ಮ ಕಡೆ ಚೌಕಾಸಿ ಮಾಡದ ಗಿರಾಕಿಯನ್ನು ಕಂಡಾಗಲೇ ಸಂಶಯ ಬರಬೇಕಿತ್ತು.

ಮರುದಿನ ಮೊಬೈಲಿಗೆ ಸಂದೇಶ: ‘ನಿಮ್ಮ ಖಾತೆಗೆ ರೂ. 32,000 ಜಮಾ.’ ಬೆನ್ನಿಗೇ ಅವನ ಫೋನ್. ಕಾರಿನವನಿಗೆ ಕೊಡಬೇಕಾದ 12,000 ತಪ್ಪಿ ನಿಮಗೇ ಬಂದಿದೆ, ಈಗಲೇ ಕಾರಿನವನ ನಂಬರಿಗೆ ಹಾಕಿಬಿಡಿ, ಇಲ್ಲದಿದ್ದರೆ ಗಾಡಿ ರದ್ದಾಗುತ್ತದೆ. ನಾನು ಹಾಕಿದೆ. ಸಂಜೆ ಕುಂದಾ ತರಲು ಹೋದಾಗ ಅಂಗಡಿಯಲ್ಲಿ ಯುಪಿಐ ಹಣ ಹೋಗಲಿಲ್ಲ, ಖಾತೆಯಲ್ಲಿ ಬಾಕಿ ಇರಲಿಲ್ಲ. 32,000 ಬಂದೇ ಇರಲಿಲ್ಲ. ಆ ಸಂದೇಶ ಹತ್ತಂಕಿಯ ಸಾಮಾನ್ಯ ಮೊಬೈಲ್ ನಂಬರಿನಿಂದ ಬಂದಿತ್ತು. ಬ್ಯಾಂಕಿನ ಸಂದೇಶಗಳು ಬ್ಯಾಂಕಿನ ಹೆಸರಿನ ಅಕ್ಷರಗಳಿಂದ ಬರುತ್ತವೆ ಎಂಬುದು ನನಗೆ ಗೊತ್ತಿತ್ತು, ಆ ಗಳಿಗೆಯಲ್ಲಿ ನೋಡಲಿಲ್ಲ ಅಷ್ಟೇ.

ಚೆಕ್‌ನಲ್ಲೂ ಇದೇ ಆಟ. ವಿದೇಶಿ ಚೆಕ್ ಹಾಕಿದರೆ ಹಣ ಪಕ್ಕಾ ಆಗಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ನೀವು ‘ಹೆಚ್ಚಿನದ್ದನ್ನು’ ನಿಮ್ಮ ಸ್ವಂತ ಹಣದಿಂದ ಕಳಿಸಿರುತ್ತೀರಿ, ಚೆಕ್ ಬೌನ್ಸ್ ಆಗುತ್ತದೆ. ಹಾಗಾಗಿ ಸಂದೇಶ ನಂಬದೆ ಬ್ಯಾಂಕಿನ ಆ್ಯಪ್ ತೆರೆದು ಬಾಕಿ ನೋಡಿ. ನಿಜವಾಗಿಯೇ ಹೆಚ್ಚು ಬಂದಿದ್ದರೂ ನೀವಾಗಿ ವಾಪಸ್ ಕಳಿಸಬೇಡಿ, ಬ್ಯಾಂಕಿಗೆ ಹೇಳಿ ಬಂದ ದಾರಿಯಲ್ಲೇ ಹಿಂತಿರುಗಿಸಿ. ಅದು ಇನ್ನೊಬ್ಬ ಬಲಿಪಶುವಿನ ಹಣವೂ ಆಗಿರಬಹುದು.

ಹಣ ಪಡೆಯಲು ಯುಪಿಐ ಪಿನ್ ಹಾಕಿ ಅಂತಿದ್ದಾರೆ.

ಪಿನ್ ಹಾಕಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಬರುವುದಕ್ಕೆ ಏನೂ ಒತ್ತಬೇಕಾಗಿಲ್ಲ.

ಹಣವನ್ನೇ ಕೇಳಲಿಲ್ಲ. ಸಿವಿ ಕೇಳಿದರು, ಕಳಿಸಿದೆ. ಅದರಲ್ಲೇನು ಅಪಾಯ?

ಬಹಳ ಜನ ಇದನ್ನು ಹಗುರವಾಗಿ ತಗೊಳ್ಳುತ್ತಾರೆ. ನಿಮ್ಮ ಸಿವಿಯೇ ಅವರಿಗೆ ಮಾಲು. ಹೆಸರು, ಪದವಿ, ಅನುಭವ ನಿಮ್ಮದೇ ಇಟ್ಟು ಇಮೇಲ್ ವಿಳಾಸ ಮಾತ್ರ ಬದಲಿಸುತ್ತಾರೆ, ನೂರಾರು ಏಜೆನ್ಸಿಗಳಿಗೆ ಕಳಿಸುತ್ತಾರೆ. ಕೆಲಸ ಸಿಕ್ಕರೆ ಯಂತ್ರಕ್ಕೆ ಹಾಕಿ ಕಸ ತೆಗೆದು ಕೊಟ್ಟು ಹಣ ಎಣಿಸಿಕೊಳ್ಳುತ್ತಾರೆ. ಬೈಗುಳ ನಿಮ್ಮ ಹೆಸರಿಗೆ ಬರುತ್ತದೆ. ಈ ದಂಧೆ ಎಷ್ಟು ಬೆಳೆದಿದೆಯೆಂದರೆ, ಕದ್ದ ಸಿವಿ ಬಳಸುವ ಮೋಸಗಾರರ ಪಟ್ಟಿ ಮಾಡಲೆಂದೇ ಟ್ರಾನ್ಸ್‌ಲೇಟರ್ ಸ್ಕ್ಯಾಮರ್ಸ್ ಡೈರೆಕ್ಟರಿ ಎಂಬ ತಾಣವಿದೆ.

ಸಿವಿಯಲ್ಲಿ ಜನ್ಮದಿನಾಂಕ, ಮನೆ ವಿಳಾಸ, ತಂದೆಯ ಹೆಸರು, ಸಹಿ, ಅಂಕಪಟ್ಟಿ ಬೇಡ. ನಮ್ಮಲ್ಲಿ ಇನ್ನೂ ಬಯೋಡೇಟಾ ಅಂದರೆ ಮದುವೆಗೆ ಕಳಿಸುವ ಹಾಗೆ ಎಲ್ಲ ಬರೆಯುವ ಅಭ್ಯಾಸ. ಯಾರಿಗೆ, ಯಾವ ತಿಂಗಳು ಕಳಿಸಿದ್ದು ಎಂದು ಪ್ರತಿ ಪುಟದ ಹಿನ್ನೆಲೆಯಲ್ಲಿ ತೆಳುವಾಗಿ ಅಚ್ಚು ಹಾಕಿ. ಪಿಡಿಎಫ್ ತಿದ್ದಲಾಗದು ಎಂದುಕೊಳ್ಳಬೇಡಿ, ತಿದ್ದಬಹುದು. ಲಿಂಕ್ಡ್‌ಇನ್‌ನಲ್ಲಿ ‘ನನ್ನ ಇಮೇಲ್ ಇದೊಂದೇ’ ಎಂದು ಬರೆದಿಟ್ಟರೆ ಏಜೆನ್ಸಿಯವರು ಹೋಲಿಸಿ ನೋಡಬಹುದು.

ಆಧಾರ್, ಪ್ಯಾನ್ ಬೇರೆಯೇ ಮಾತು. ಹಣ ಕೊಡುವಾಗ ಟಿಡಿಎಸ್‌ಗೆ ಪ್ಯಾನ್ ಸಂಖ್ಯೆ ಬೇಕಾಗುವುದು ನಿಜ, ಆದರೆ ಅದು ಕೆಲಸ ಖಚಿತವಾದ ಮೇಲಿನ ಮಾತು. ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ‘ಆಧಾರ್ ಹಿಡಿದು ಸೆಲ್ಫಿ ವಿಡಿಯೊ ಕಳಿಸಿ’ ಅಂದವನಿಗೆ ಖಂಡಿತ ಬೇಡ.

ಕಂಪನಿ ನಿಜವಾಗಿಯೇ ಇದೆ, ಗೂಗಲ್‌ನಲ್ಲಿ ನೋಡಿದೆ. ಮತ್ತೇಕೆ ಸಂಶಯ?

ಕಂಪನಿ ನಿಜ ಇರುತ್ತದೆ, ಮೇಲ್ ಬರೆದವನು ಅದರವನಲ್ಲ. ಇಮೇಲ್‌ನ @ ಚಿಹ್ನೆಯ ಆಚೆಗಿನ ಭಾಗವನ್ನು ಅಕ್ಷರ ಅಕ್ಷರ ಓದಿ. ಅಸಲಿ ಹೆಸರಿನ ಹಿಂದೆ ‘ಜಾಬ್ಸ್’ ಅಂತಲೋ ‘ಕೆರಿಯರ್ಸ್’ ಅಂತಲೋ ಒಂದು ಅಡ್ಡಗೆರೆ ಹಾಕಿ ಸೇರಿಸಿರುತ್ತಾರೆ, ಡಾಟ್ ಕಾಮ್ ಹೋಗಿ ಡಾಟ್ ಸಿಒ ಆಗಿರುತ್ತದೆ. ಉತ್ತರಿಸಲು ಒತ್ತಿದಾಗ ಬೇರೆಯೇ ವಿಳಾಸ ಬರುತ್ತದೆಯಾ ನೋಡಿ. ಆ ಮೇಲ್‌ನಲ್ಲಿದ್ದ ಫೋನ್ ನಂಬರ್ ಬಿಟ್ಟು, ಕಂಪನಿಯ ತಾಣವನ್ನು ನೀವೇ ಹುಡುಕಿ ತೆರೆದು ಅಲ್ಲಿನ ನಂಬರಿಗೆ ಕರೆ ಮಾಡಿ. ನಾನು ಹೀಗೆ ಪುಣೆಯ ಏಜೆನ್ಸಿಯೊಂದಕ್ಕೆ ಕರೆ ಮಾಡಿದಾಗ ಆ ಹೆಣ್ಣುಮಗಳು ಮರಾಠಿಯಲ್ಲಿ ನಿಟ್ಟುಸಿರುಬಿಟ್ಟು, ಇವತ್ತು ಕೇಳುತ್ತಿರುವವರಲ್ಲಿ ನೀವು ನಾಲ್ಕನೆಯವರು ಅಂದಳು.

ಭಾರತದ ಕಂಪನಿಯಾದರೆ ಜಿಎಸ್‌ಟಿ ಸಂಖ್ಯೆ ಕೇಳಿ. 15 ಅಕ್ಷರ-ಅಂಕಿ ಇರುತ್ತವೆ, ಕರ್ನಾಟಕದ್ದು 29ರಿಂದ, ಮಹಾರಾಷ್ಟ್ರದ್ದು 27ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಹಾಕಿ ನೋಡಬಹುದು. ‘ಬೆಂಗಳೂರಿನ ಕಂಪನಿ’ ಅಂದವನ ಸಂಖ್ಯೆ 07ರಿಂದ ಶುರುವಾಗಿ ಸಗಟು ಬಟ್ಟೆ ವ್ಯಾಪಾರಿಯ ಹೆಸರು ತೋರಿಸಿದರೆ ಮುಂದೆ ಹೇಳಬೇಕಾಗಿಲ್ಲ. ವಿದೇಶಿ ಏಜೆನ್ಸಿಯಾದರೆ ಅನುವಾದಕರ ಜಾಲತಾಣ ಪ್ರೋಝ್‌ನ (ProZ) ಬ್ಲೂ ಬೋರ್ಡ್ ನೋಡಿ. ಅಲ್ಲಿ ಅನುವಾದಕರೇ ಗಿರಾಕಿಗಳಿಗೆ 1ರಿಂದ 5ರವರೆಗೆ ಅಂಕ ಕೊಟ್ಟಿರುತ್ತಾರೆ. ಒಳ್ಳೆಯ ಅಂಕ ಕಂಡು ಮರುಳಾಗುವ ಮುಂಚೆ, ಅಂಕ ಪಡೆದ ಏಜೆನ್ಸಿಯ ವಿಳಾಸವೂ ನಿಮಗೆ ಬಂದ ಮೇಲ್ ವಿಳಾಸವೂ ಒಂದೇನಾ ನೋಡಬೇಕು.

ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ದುಭಾಷಿಗಳು ಬೇಕು, ಅನುವಾದ ಪ್ರಾಧಿಕಾರಕ್ಕೆ ಜನ ಬೇಕು ಎಂಬ ವಾಟ್ಸ್‌ಆ್ಯಪ್ ಬರುತ್ತಿರುತ್ತದೆಯಲ್ಲ?

ಚಳಿಗಾಲ ಬಂತೆಂದರೆ ಇದೂ ಬರುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಆಶ್ರಯದ ರಾಷ್ಟ್ರೀಯ ಅನುವಾದ ಮಿಷನ್, ಬೆಂಗಳೂರಿನ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ, ಇವೆಲ್ಲ ನಿಜವಾದ ಸಂಸ್ಥೆಗಳು. ಅದಕ್ಕೇ ಇವುಗಳ ಹೆಸರು ಬಳಸುತ್ತಾರೆ. ಸರ್ಕಾರಿ ಸಂಸ್ಥೆಗೆ ಜನ ಬೇಕಾದರೆ ಪ್ರಕಟಣೆ ಅದರ ತಾಣದಲ್ಲಿ ಇರುತ್ತದೆ. ಅಲ್ಲಿ ಇಲ್ಲದ್ದು ಇಲ್ಲ.

‘ನಮ್ಮ ಗಿರಾಕಿಗಳ ಹಣ ನಿಮ್ಮ ಖಾತೆಗೆ ಬರಲಿ, ನೂರಕ್ಕೆ 8 ಇಟ್ಟುಕೊಂಡು ಮುಂದೆ ಕಳಿಸಿ’ ಎನ್ನುತ್ತಾರೆ. ಅನುವಾದದ ಜೊತೆ ಇದೂ ಆಗಲಿ ಅಂತ.

ಅನುವಾದ ನೆಪ, ಬೇಕಾಗಿರುವುದು ನಿಮ್ಮ ಖಾತೆ. ಬೇರೆಯವರಿಂದ ದೋಚಿದ ಹಣ ದಾಟಿಸಲು ನಿಮ್ಮನ್ನು ಹೇಸರಗತ್ತೆ ಮಾಡುತ್ತಾರೆ. ಎಲ್ಲಿಯದೋ ರಾಜ್ಯದ ಪೊಲೀಸರು ದೂರಿನ ಜಾಡು ಹಿಡಿದು ಬಂದಾಗ ಮೊದಲು ಸಿಗುವ ಹೆಸರು ನಿಮ್ಮದು. ಖಾತೆ ಫ್ರೀಜ್ ಆಗುತ್ತದೆ. ಬಿಡಿಸಿಕೊಳ್ಳಲು ಆ ದೂರದ ಠಾಣೆಗೇ ಎಡತಾಕಬೇಕಾಗುತ್ತದೆ. ‘ನನಗೆ ಗೊತ್ತಿರಲಿಲ್ಲ’ ಎಂದು ನೀವೇ ಸಾಬೀತು ಮಾಡುತ್ತ ತಿರುಗಬೇಕು. ಖಾತೆ ಬಾಡಿಗೆಗೆ ಕೊಡುವುದು, ಸಿಮ್ ತೆಗೆಸಿಕೊಡುವುದು ಎರಡೂ ಇದರದ್ದೇ ತಮ್ಮಂದಿರು.

ಕಾಂಬೋಡಿಯಾದಲ್ಲಿ ದುಭಾಷಿ ಕೆಲಸ, ತಿಂಗಳಿಗೆ ಒಂದು ಲಕ್ಷ, ಟಿಕೆಟ್ ಅವರದೇ. ಹೋಗಲೇ?

ಪ್ರವಾಸಿ ವೀಸಾದ ಮೇಲೆ ಕರೆಯುತ್ತಿದ್ದರೆ ಹೋಗಬೇಡಿ. ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ಗೆ ಕೆಲಸದ ಆಸೆ ತೋರಿಸಿ ಕರೆದೊಯ್ದು, ಪಾಸ್‌ಪೋರ್ಟ್ ಕಸಿದು, ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂರಿಸಿದ ಪ್ರಕರಣಗಳ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಸಿದೆ. ಅಲ್ಲಿ ಭಾಷೆ ಬಲ್ಲವರು ಬೇಕಾಗಿರುವುದು ನಮ್ಮವರನ್ನೇ ನಮ್ಮ ಭಾಷೆಯಲ್ಲಿ ಮೋಸ ಮಾಡಲಿಕ್ಕೆ. ವಿದೇಶಕ್ಕೆ ಜನ ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಹೆಸರು ಹುಡುಕಿ.

ಹಣ ಹೋಗಿಬಿಟ್ಟಿದೆ. ಈಗ?

ಅಳುವುದಕ್ಕೂ ಮುಂಚೆ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಡೆಯುವುದೇ ಆ ಸಹಾಯವಾಣಿಯ ಕೆಲಸ, ಆದ್ದರಿಂದ ತಾಸುಗಳ ಲೆಕ್ಕ. ಲೈನ್ ಸಿಗದಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ವ್ಯವಹಾರದ ಸಂಖ್ಯೆ, ಸಮಯ, ಹೋದ ಯುಪಿಐ ಐಡಿ ಕೈಯಲ್ಲಿರಲಿ. ಆಮೇಲೆ ಸೈಬರ್ ಅಪರಾಧದ ದೂರು ತಗೊಳ್ಳುವ ಸೆನ್ (ಸಿಇಎನ್) ಪೊಲೀಸ್ ಠಾಣೆಗೆ ಹೋಗಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಇವೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 318 ಮೋಸಕ್ಕೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಬೇರೆಯವರ ವೇಷದಲ್ಲಿ ಕಂಪ್ಯೂಟರ್ ಮೂಲಕ ಮಾಡಿದ ವಂಚನೆಗೆ.

ಟೆಲಿಗ್ರಾಂನಲ್ಲಿ ಮಾತುಕತೆಯಾಗಿದ್ದರೆ ತಡಮಾಡದೆ ಸ್ಕ್ರೀನ್‌ಶಾಟ್ ತೆಗೆಯಿರಿ, ಅವನು ಅಳಿಸಿದರೆ ನಿಮ್ಮ ಕಡೆಯೂ ಅಳಿದುಹೋಗುತ್ತದೆ. ಹಣ ಹೋಗದಿದ್ದರೂ ಸಂಶಯದ ಕರೆ, ಸಂದೇಶಗಳನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ಚಕ್ಷು ವಿಭಾಗಕ್ಕೆ ತಿಳಿಸಬಹುದು.

ನನ್ನ 12,000 ವಾಪಸ್ ಬರಲಿಲ್ಲ. ನಾಚಿಕೆಯಿಂದ ಮೂರು ದಿನ ಯಾರಿಗೂ ಹೇಳಲಿಲ್ಲ, ಅದೇ ಕಾರಣ. ತಿಂಗಳಾದ ಮೇಲೆ ‘ಕಳೆದ ಹಣ ತೆಗೆಸಿಕೊಡುತ್ತೇವೆ, ಮೊದಲು 2,000 ಕಟ್ಟಿ’ ಅಂತ ಇನ್ನೊಬ್ಬ ಫೋನ್ ಮಾಡಿದ. ಒಮ್ಮೆ ಬಿದ್ದವರ ನಂಬರ್ ಮಾರಾಟವಾಗುತ್ತದೆ, ನಿಮಗೂ ಬರುತ್ತದೆ.

ಕೆಲಸ ಮಾಡಿಸಿಕೊಂಡು ದುಡ್ಡು ಕೊಡದವರೂ ಮೋಸಗಾರರೇ ಅಲ್ಲವೇ?

ಸಿಟ್ಟಿನಲ್ಲಿ ಹಾಗನ್ನಿಸುತ್ತದೆ, ಆದರೆ ಅದು ಬಾಕಿಯ ಸಮಸ್ಯೆ, ಔಷಧ ಬೇರೆ. ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಪುಕ್ಕಟೆ ಆಗುತ್ತದೆ. ಸಣ್ಣ ಉದ್ದಿಮೆಯಾಗಿ ನೋಂದಾಯಿಸಿಕೊಂಡವರಿಗೆ ಕೊಡಬೇಕಾದ ಹಣವನ್ನು, ಬರಹದ ಒಪ್ಪಂದವಿದ್ದರೂ 45 ದಿನ ದಾಟಿಸುವಂತಿಲ್ಲ ಎಂದು 2006ರ ಕಾಯ್ದೆ ಹೇಳುತ್ತದೆ. ಆದರೆ ಇದಕ್ಕೆ ಕೆಲಸದ ಆದೇಶ ಬರಹದಲ್ಲಿ ಇರಬೇಕು. ನಮ್ಮವರು ‘ಅಣ್ಣಾ, ನೋಡ್ಕೊಂಡ್ ಕೊಡ್ತೀನಿ’ ಎಂಬ ಮಾತಿನ ಮೇಲೆ ಮೂವತ್ತು ಪುಟ ಮಾಡಿಕೊಟ್ಟು ಕೂರುತ್ತಾರೆ.

ಹಾಗಾದರೆ ನಿಜವಾದ ಕೆಲಸ ಎಲ್ಲಿಂದ ಬರುತ್ತದೆ?

ನನಗಂತೂ ಬಹುಪಾಲು ಹತ್ತು ಕಿಲೋಮೀಟರ್ ಒಳಗಿಂದಲೇ ಬಂದಿದೆ. ಕೋರ್ಟ್ ಆವರಣ, ಉಪನೋಂದಣಿ ಕಚೇರಿಯ ಸುತ್ತಲಿನ ಬರಹಗಾರರು, ಕೊಲ್ಹಾಪುರ, ಗೋವಾ ಕಡೆಯ ರೋಗಿಗಳು ಬರುವ ಆಸ್ಪತ್ರೆಗಳು. ಹೊರಗಿನ ಏಜೆನ್ಸಿಗಳೂ ಇವೆ, ಆದರೆ ಅಲ್ಲಿಗೆ ನಾನೇ ಹುಡುಕಿ ಬರೆದದ್ದು ಹೆಚ್ಚು, ತಾವಾಗಿ ಬಂದು ಬಾಗಿಲು ಬಡಿದವರು ಕಡಿಮೆ.

ಈ ಪುಟ ಬರೆಯುತ್ತಿರುವಾಗಲೇ ವಕೀಲರ ಗುಮಾಸ್ತನ ಫೋನ್ ಬಂತು. ‘ಉತಾರದ ಜೊಡಿ ಐದು ಹಾಳಿ ಮೋಡಿ ಐತ್ರಿ, ಒಂದು ಹಾಳಿಗೆ ಗೆದ್ದಲ ಹತ್ತೈತಿ, ಓದಾಕ ಬರತೈತೇನು ನೋಡ್ರಿ, ಗುರುವಾರ ತಾರೀಖು ಐತಿ.’ ದರದ ಮಾತೇ ಎತ್ತಲಿಲ್ಲ. ಎತ್ತಿದಾಗ ಚೌಕಾಸಿ ಮಾಡುತ್ತಾನೆ, ಗೊತ್ತಿದೆ.